ಎಡಸುರುಳಿ, ಬಲಸುರುಳಿ

"ಲಕ್ಷ ವರ್ಷದ ಹಿಂದೆ ಸತ್ತ ಹುಳವೂ ನನ್ನ ಕಣ್ಣು ತಪ್ಪಿಸಲಾರದು" ಎನ್ನುವುದು ಕೆಸರು ಮೇಷ್ಟ್ರ ನಿತ್ಯದ ಬಡಾಯಿ. ಕಡಲತಳದ ಕೆಸರನ್ನು ಸೋಸಿ, ಸಾಸಿವೆಯೂ ಬೆಟ್ಟದಂತೆ ಕಾಣುವಷ್ಟು ಪುಟ್ಟ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಹರಡಿ, ಕುಂಚದ ತುದಿಯನ್ನು ನಾಲಗೆಗೆ ತಾಕಿಸಿ ಒಂದೊಂದನ್ನೇ ಎತ್ತುವುದು ಅವರ ಕಸುಬು; ಹೀಗೆ ನೆಕ್ಕಿ ನೆಕ್ಕಿ ಹೊಟ್ಟೆಯೊಳಗೆ ಅರ್ಧ ಸಮುದ್ರ ಸೇರಿದೆಯಂತೆ. ಚಿಪ್ಪಿನ ಸುರುಳಿ ಎಡಕ್ಕಿದ್ದರೆ ಅಂದಿನ ಕಡಲು ತಣ್ಣಗಿತ್ತು, ಬಲಕ್ಕಿದ್ದರೆ ಬೆಚ್ಚಗಿತ್ತು. ಆ ಕೋಣೆಯಲ್ಲಿ ಫ್ಯಾನು ತಿರುಗುವಂತಿಲ್ಲ. ಸೀನು ಬಂದವರು ಬೀದಿ ದಾಟಿ ಸೀನಬೇಕು, ಇಲ್ಲದಿದ್ದರೆ ಒಂದು ಹಿಮಯುಗವೇ ಹಾರಿಹೋದೀತು! ಇಂಥ ಮೇಷ್ಟ್ರ ಕಣ್ಣಿಗೆ ಈಗ ಪೊರೆ ಬಂದಿದೆ. ಗೊತ್ತಾದರೆ ಕುರ್ಚಿ ಬಿಡಿಸಿಯಾರೆಂಬ ಹೆದರಿಕೆ. ಅದಕ್ಕೇ ಊಟದ ಡಬ್ಬಿ ತರುವ ನೆಪದಲ್ಲಿ ಹೆಂಡತಿ ಬಂದು, ಬಾಗಿಲು ಹಾಕಿ, ಚಿಪ್ಪು ನೋಡಿ "ಎಡ, ಎಡ, ಬಲ" ಎಂದು ಹೇಳುತ್ತಾರೆ. ಮೇಷ್ಟ್ರದು ಪ್ರತಿ ಚಿಪ್ಪಿಗೂ ಒಂದೇ ಅನುಮಾನ: "ಸರಿಯಾಗಿ ನೋಡಿದ್ಯಾ?" ಕೊನೆಗೆ ಆಕೆ ರೇಗಿದರು: "ನಂಬಿಕೆ ಇಲ್ದಿದ್ರೆ ನೀವೇ ನೋಡ್ಕೊಳ್ಳಿ! ಎದುರಿಗಿರೋ ನಾನೇ ನಿಮಗೆ ಕಾಣಲ್ಲ." ಮೇಷ್ಟ್ರು ಕೈಚಾಚಿದರು: "ನಿನ್ನ ಮುಖ ಈಗ ಎಡಕ್ಕೆ ತಿರುಗಿದೆ ಅಂತ ಕಣ್ಮುಚ್ಕೊಂಡೇ ಹೇಳ್ತೀನಿ ಕಣೇ. ಆಗ್ಲೇ ಚಳಿ ಶುರುವಾಯ್ತು, ಆ ಶಾಲು ಕೊಡು!"