ಬುಧವಾರ ಖಾಲಿ ಇಟ್ಟುಕೊಳ್ಳಿ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ದನಿ ಚೆನ್ನಾಗಿಲ್ಲದ ಕನ್ನಡಿಗರನ್ನು ನಾನು ಇನ್ನೂ ನೋಡಿಲ್ಲ. ಪ್ರತಿಯೊಬ್ಬರಿಗೂ ಯಾವನೋ ಒಬ್ಬ ಚಿಕ್ಕಪ್ಪ ಎಂದೋ ಒಂದು ಮದುವೆಮನೆಯಲ್ಲಿ "ನಿನ್ನ ದನಿ ರೇಡಿಯೋದಲ್ಲಿ ಬರಬೇಕು" ಎಂದಿರುತ್ತಾನೆ. ಹೇಳಿದ ಚಿಕ್ಕಪ್ಪ ಊಟ ಮುಗಿಸಿ ಮರೆತ, ಕೇಳಿದವರು ಮರೆಯಲಿಲ್ಲ. ಅಂಥವರನ್ನೆಲ್ಲ ಒಂದು ಭಾನುವಾರ ನಮ್ಮ ಕನ್ನಡ ಸಂಘದವರು ಸಭಾಂಗಣದಲ್ಲಿ ಕೂರಿಸಿ, ಮಾರ್ಗದರ್ಶನ ಮಾಡಲು ನನ್ನನ್ನು ಕರೆದರು.

ನಾನು ಜಾಹೀರಾತುಗಳಿಗೆ ಕನ್ನಡದ ದನಿ ಕೊಡುವವಳು. ನೀವು ನನ್ನನ್ನು ಕೇಳಿದ್ದೀರಿ, ನೋಡಿಲ್ಲ. ಟಿವಿಯಲ್ಲಿ ಹೊಳೆಯುವ ಪಾತ್ರೆಯನ್ನು ಎತ್ತಿ ಹಿಡಿದು "ಅತ್ತೆ, ನೋಡಿ!" ಎನ್ನುವ ಸೊಸೆ ಇರುತ್ತಾಳಲ್ಲ, ಮುಖ ಬೇರೆ ಯಾರದೋ, ಗಂಟಲು ನನ್ನದು. ನನಗೆ ವಯಸ್ಸು ನಲವತ್ತು ದಾಟಿ ಬಹಳ ದಿನವಾಯಿತು. ಆದರೂ ಅತ್ತೆಯ ಪಾತ್ರಕ್ಕೆ ನನ್ನ ದನಿ ಇನ್ನೂ ಬಲಿತಿಲ್ಲವಂತೆ.

ಸಂಘದ ಅಧ್ಯಕ್ಷರು ಪರಿಚಯ ಮಾಡಿಕೊಡುವಾಗ ನನ್ನನ್ನು ಕೋಗಿಲೆಗೆ ಹೋಲಿಸಿದರು, ವೀಣೆಗೂ ಹೋಲಿಸಿದರು, ನನ್ನ ಬಿ.ಎ.ಯನ್ನು ಮಾತ್ರ ಬಿಟ್ಟರು. ನಾನು ಮೈಕು ತೆಗೆದುಕೊಂಡು ಮೊದಲು ಅದನ್ನು ಸೇರಿಸಿದೆ. ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವನ ಮಗಳು ನಾನು. ವಿಜಯಪುರದ ಕಡೆಯಿಂದ ಬಂದ ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ದನಿ ಹುಟ್ಟಿನಿಂದ ಬಂತು, ಅದಕ್ಕೆ ನಾನೇನೂ ಮಾಡಿಲ್ಲ. ಬಿ.ಎ. ನಾನು ಮಾಡಿದ್ದು.

ಸಭೆಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಘೋಡಬಂದರ್ ರಸ್ತೆಯಿಂದ ಬಂದಿದ್ದ ಮೈಸೂರಿನ ಐಟಿ ಉದ್ಯೋಗಿಯೊಬ್ಬರು ಎದ್ದು ನಿಂತರು.

"ಮೇಡಂ, ನಾನು ಮೈಕ್ ತಗೊಂಡಿದ್ದೀನಿ. ಸ್ಟ್ಯಾಂಡ್ ತಗೊಂಡಿದ್ದೀನಿ. ಬೆಡ್‌ರೂಮ್ ಗೋಡೆಗೆಲ್ಲ ಫೋಮ್ ಅಂಟಿಸಿದ್ದೀನಿ. ಇನ್ನೇನು ಬೇಕು?"

"ಹೆಂಡ್ತಿ ಎಲ್ಲಿ ಮಲಗ್ತಾರ್ರಿ?" ಎಂದೆ.

"ಹಾಲ್‌ನಲ್ಲಿ ಮೇಡಂ."

ಹಲ್ಲುಪುಡಿಯ ಜಾಹೀರಾತಿನ ಒಂದು ಹಾಳೆ ಕೊಟ್ಟು ಓದಿಸಿದೆ. ಅವರು ಗಂಟಲನ್ನು ಹೊಟ್ಟೆಗೆ ಇಳಿಸಿ, ಯುದ್ಧ ಸಾರುವವರಂತೆ ಓದಿದರು. "ಸರ್, ಹಲ್ಲು ಉಜ್ಜಬೇಕಾಗೈತಿ, ಉದುರಿಸೋದಲ್ಲ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಅದೇ ದನಿಯಲ್ಲಿ.

ನನಗೆ ತಿಳಿದದ್ದನ್ನು ಹೇಳಿದೆ. ಫೋಮ್ ಬೇಡ, ಬಟ್ಟೆಯ ಕಪಾಟಿನ ಬಾಗಿಲು ತೆಗೆದು ಸೀರೆಗಳ ಮುಂದೆ ನಿಂತು ಓದಿ, ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಫಾಸ್ಟ್ ಲೋಕಲ್ ರೈಲು ಹೋದ ಮೇಲೆ ಶುರು ಮಾಡಿ, ಪಕ್ಕದ ಮನೆಯ ಕುಕ್ಕರು ಕೂಗುವ ಮೊದಲು ಮುಗಿಸಿ. ದಿನಾ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಯಾರೂ ಏನೂ ಬರೆದುಕೊಳ್ಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು "ಮೇಡಂ, ಮೊಸರು ಬಿಡ್ಬೇಕಾ?" ಎಂದು ಕೇಳಿದರು. "ರಾತ್ರಿ ಬಿಡ್ರಿ" ಎಂದೆ. ಸಭೆಯ ಅರ್ಧಕ್ಕರ್ಧ ಪೆನ್ನು ತೆಗೆಯಿತು.

ಆಮೇಲೆ ಅಧ್ಯಕ್ಷರು ಒಂದು ಶಾಲು ಹಿಡಿದು ವೇದಿಕೆಗೆ ಬಂದರು. ನನಗಿರಬೇಕು ಎಂದು ಸೆರಗು ಸರಿಮಾಡಿಕೊಂಡೆ. ಶಾಲು ಮುಂದಿನ ಸಾಲಿನ ಹುಡುಗಿಗೆ. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕಲ್ಯಾಣದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಮನೆಯಲ್ಲಿ ತುಳು, ಹೊರಗೆ ಹಿಂದಿ, ನಡುವೆ ಸಿಕ್ಕಿದ ಜಾಗದಲ್ಲಿ ಕನ್ನಡ. ಆದರೆ ದನಿ ನಿಜವಾಗಿಯೂ ಒಳ್ಳೆಯದು, ಯಾವ ಚಿಕ್ಕಪ್ಪನ ಶಿಫಾರಸೂ ಬೇಡ.

"ನಮ್ಮ ಡೊಂಬಿವಲಿಯ ಕನ್ನಡದ ದನಿ!" ಎಂದರು ಅಧ್ಯಕ್ಷರು. "ಮಸಾಲೆ ಪುಡಿಯ ದೊಡ್ಡ ಜಾಹೀರಾತಿಗೆ ಸೊಸೆಯ ಪಾತ್ರ. ಬುಧವಾರ ವಾಶಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಅಂದೇ ಪರೀಕ್ಷೆ ಇದ್ದರೂ ಕಲೆಗಾಗಿ ಅದನ್ನು ಬಿಡುತ್ತಿದ್ದಾಳೆ!"

ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಲೇಳಲಿಲ್ಲ. ಮಸಾಲೆ ಪುಡಿ, ಸೊಸೆ, ಬುಧವಾರ, ವಾಶಿ: ಅದೇ ಕೆಲಸಕ್ಕೆ ಅದೇ ದಿನ ಖಾಲಿ ಇಟ್ಟುಕೊಳ್ಳಲು ಕೋಆರ್ಡಿನೇಟರ್ ನನಗೂ ಹೇಳಿದ್ದ.

ನಮ್ಮ ಕಸುಬಿನ ಈ ಪದ್ಧತಿ ಹೊಸಬರಿಗೆ ಗೊತ್ತಿರುವುದಿಲ್ಲ. ದನಿ ಹುಡುಕಿಕೊಡುವ ಕೋಆರ್ಡಿನೇಟರ್ ಫೋನ್ ಮಾಡಿ, ಇಂಥ ದಿನ ಹೋಲ್ಡ್, ಖಾಲಿ ಇರಿ ಎನ್ನುತ್ತಾನೆ. ಅದೇ ದಿನವನ್ನು ಇನ್ನೂ ಕೆಲವರ ಹತ್ತಿರ ಕಟ್ಟಿಹಾಕಿರುತ್ತಾನೆ. ಕೊನೆಗೆ ಕಂಪನಿಯವರು ಒಬ್ಬರನ್ನು ಆರಿಸುತ್ತಾರೆ, ಅಥವಾ ಯಾರನ್ನೂ ಆರಿಸುವುದಿಲ್ಲ. ಉಳಿದವರಿಗೆ ಬೇಡ ಎಂದು ಹೇಳುವ ಸಂಪ್ರದಾಯವೇ ಇಲ್ಲ. ನಾವು ಹಳಬರು ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿರುತ್ತೇವೆ. ಹೊಸಬರು ಪೇಢೆ ಹಂಚುತ್ತಾರೆ.

ಸಭೆ ಮುಗಿದ ಮೇಲೆ ಹುಡುಗಿಯನ್ನೂ ಅವಳ ತಾಯಿಯನ್ನೂ ಪಕ್ಕಕ್ಕೆ ಕರೆದೆ. ಅಧ್ಯಕ್ಷರೂ ಐಟಿಯವರೂ ಕರೆಯದೆ ಬಂದರು.

"ತಂಗಿ, ಪೇಪರ್ ಬಿಡಬ್ಯಾಡ" ಎಂದೆ. "ಅದು ಬರೀ ಹೋಲ್ಡ್. ನನಗೂ ಹೇಳ್ಯಾನ."

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಂತಕ್ಕ ನೀವು ಹೇಳುವುದು? ನಾನು ಇಡೀ ಬಿಲ್ಡಿಂಗಿಗೆ ಪೇಢೆ ಕೊಟ್ಟಾಗಿದೆ. ನಿಮಗೂ ಹೇಳಿದ್ದಾರೆ ಅಂದ್ರೆ... ಇವಳು ಪರೀಕ್ಷೆಗೆ ಹೋದ್ರೆ ಕೆಲಸ ಯಾರಿಗೆ ಸಿಗುವುದು?"

ಪ್ರಶ್ನೆ ಸರಿಯಾಗಿಯೇ ಇತ್ತು.

ಹುಡುಗಿ ಶಾಲನ್ನು ಮಡಚುತ್ತ, "ಆಂಟಿ, ಒಂದು ಪೇಪರ್ ಹೋದ್ರೆ ಕೆಟಿ ಆಗ್ತದೆ, ಬಸ್. ಮತ್ತೆ ಬರೀಬಹುದು. ಇಲ್ಲಾಂದ್ರೂ ವಾಯ್ಸ್ ಲೈನ್‌ಗೆ ಡಿಗ್ರಿ ಯಾಕೆ ಚಾಹಿಯೇ?" ಎಂದಳು.

ಬಾಕಿ ಉಳಿದ ಪೇಪರಿಗೆ ಇಲ್ಲಿಯ ಹುಡುಗರು ಕೆಟಿ ಎನ್ನುತ್ತಾರೆ. ತುರ್ಭೆಯ ನಮ್ಮ ಮನೆಸಾಲಿನಲ್ಲಿ ನನ್ನ ಜೊತೆ ಕಾಲೇಜಿಗೆ ಸೇರಿದವರಿದ್ದರು. ಮತ್ತೆ ಬರೆಯುತ್ತೇವೆ ಎಂದವರು ಯಾರೂ ಮತ್ತೆ ಬರೆಯಲಿಲ್ಲ. ಒಂದು ಪೇಪರು ಬಿಟ್ಟರೆ ಮನೆಯವರಿಗೂ ಅದು ಅಭ್ಯಾಸವಾಗಿಬಿಡುತ್ತದೆ.

ಇದನ್ನೆಲ್ಲ ಹೇಳಿದರೆ ಭಾಷಣವಾಗುತ್ತಿತ್ತು. ಭಾಷಣ ಆಗಲೇ ಮುಗಿದಿತ್ತು. ಫೋನ್ ತೆಗೆದು ಸ್ಪೀಕರ್ ಹಾಕಿ ಕೋಆರ್ಡಿನೇಟರ್‌ಗೆ ಕರೆ ಮಾಡಿದೆ. ಬುಧವಾರದ ಕೆಲಸ ನನ್ನದು ತಾನೆ ಎಂದು ಹಿಂದಿಯಲ್ಲಿ ಕೇಳಿದೆ.

"ಅರೇ ಮೇಡಂ, ಆಪ್ ಹೀ ಕರ್ ರಹೇ ಹೋ! ಆಪ್‌ಕೇ ಸಿವಾಯ್ ಕೌನ್?"

ನಾನಲ್ಲದೆ ಇನ್ಯಾರು ಎಂಬ ಮಾತು ಕೇಳಿ ಹುಡುಗಿಯ ಮುಖ ಬಿಳಿಚಿತು. ತನ್ನ ಫೋನ್ ತೆಗೆದು ಅವನಿಗೇ ಕರೆ ಮಾಡಿ ಅವಳೂ ಸ್ಪೀಕರ್ ಹಾಕಿದಳು.

"ಅರೇ ಬೇಟಾ, ತುಮ್ ಹೀ ಕರ್ ರಹೀ ಹೋ! ತುಮ್ಹಾರೇ ಸಿವಾಯ್ ಕೌನ್?"

"ಮನುಷ್ಯ ಕನ್ಸಿಸ್ಟೆಂಟ್ ಆಗಿದ್ದಾರೆ" ಎಂದರು ಐಟಿಯವರು. ಅಧ್ಯಕ್ಷರು ಶಾಲಿನ ಕಡೆ ನೋಡಿದರು; ವಾಪಸು ಕೇಳುವ ಪದ್ಧತಿ ಸಂಘದಲ್ಲಿ ಇಲ್ಲ.

ಆದರೂ ತಾಯಿ ಪಟ್ಟು ಬಿಡಲಿಲ್ಲ. "ಇಬ್ಬರಲ್ಲಿ ಒಬ್ಬರಿಗೆ ಬರಬಹುದಲ್ಲ? ಇವಳ ಫೋನ್ ಪರೀಕ್ಷೆ ಹಾಲಿನ ಹೊರಗೆ ಸ್ವಿಚ್ ಆಫ್ ಇರ್ತದೆ."

"ಆತು. ಬುಧವಾರ ನಾನು ಕಾಲೇಜಿನ ಗೇಟಿನ ಮುಂದ ನಿಮ್ಮ ಜೋಡಿ ಕೂಡ್ತೀನಿ. ಆಕಿ ಫೋನ್ ನಿಮ್ಮ ಕೈಯಾಗ ಇರ್ಲಿ. ಆಕಿಗೆ ಬಂದ್ರ ಪೇಪರ್ ಮುಗದ ಮ್ಯಾಲ ನಾನೇ ರಿಕ್ಷಾ ಮಾಡಿ ವಾಶಿಗೆ ಮುಟ್ಟಸ್ತೀನಿ. ನನಗ ಬಂದ್ರ ಹೋಗೂದಿಲ್ಲ."

ಹುಡುಗಿ, "ಪಕ್ಕಾ, ಆಂಟಿ?" ಎಂದಳು.

"ಇದು ಹೋಲ್ಡ್ ಅಲ್ಲ" ಎಂದೆ.

ಬುಧವಾರ ಕಲ್ಯಾಣದಲ್ಲಿ ಕಾಲೇಜಿನ ಎದುರಿನ ಕಟ್ಟೆಯ ಮೇಲೆ ಕೂತೆವು. ಹುಡುಗಿ ಒಳಗೆ ಹೋಗುವಾಗ ದೇವರ ಕಡೆ ನೋಡುವಂತೆ ಫೋನಿನ ಕಡೆ ನೋಡಿ ಹೋಗಿದ್ದಳು. ತಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತರು, ಜಾರಿದರೆ ಮಗಳ ಭವಿಷ್ಯ ಗಟಾರಕ್ಕೆ ಬೀಳುತ್ತದೆ ಎನ್ನುವ ಹಾಗೆ. ಮುಂದೆ ಶೇರ್ ರಿಕ್ಷಾದವರು ಸ್ಟೇಷನ್, ಸ್ಟೇಷನ್ ಎಂದು ಕೂಗುತ್ತಿದ್ದರು. ಎಂಥ ದನಿ! ಅವರಿಗೆ ಯಾವ ಚಿಕ್ಕಪ್ಪನೂ ಹೇಳಿರಲಿಕ್ಕಿಲ್ಲ.

ಬಟಾಟೆ ಪಲ್ಯ, ಚಪಾತಿಯ ಡಬ್ಬಿ ಬಿಚ್ಚಿ ತಾಯಿ ಕೇಳಿದರು. "ಅಕ್ಕ, ಸತ್ಯ ಹೇಳಿ. ಈ ಕೆಲಸದಲ್ಲಿ ನಿಮ್ಮ ಡಿಗ್ರಿ ಯಾರಾದ್ರೂ ಕೇಳಿದ್ದಾರಾ?"

"ಒಬ್ರೂ ಕೇಳಿಲ್ರಿ."

"ಮತ್ತೆ?"

"ಫೋನ್ ಬರದ ತಿಂಗಳದಾಗ ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ. ಬಾಗಿಲ ಮ್ಯಾಲ ಬೋರ್ಡ್ ಐತಿ, ಹೆಸರಿನ ಮುಂದ ಬಿ.ಎ. ಅಂತ. ಅದನ್ನ ನೋಡಿ ಕಳಸ್ತಾರ."

"ಫೋನ್ ಬರದ ತಿಂಗಳು ಜಾಸ್ತಿಯಾ?"

ನಾನು ಚಪಾತಿ ತಿಂದೆ. ಅವರು ಇನ್ನೊಂದು ಚಪಾತಿ ಹಾಕಿದರು. ಅದಾದ ಮೇಲೆ ಫೋನನ್ನು ಒಂದೇ ಕೈಯಲ್ಲಿ ಹಿಡಿದುಕೊಂಡರು.

ಯಾವ ಫೋನೂ ಬರಲಿಲ್ಲ. ಪರೀಕ್ಷೆ ಮುಗಿದು ಹುಡುಗಿ ಓಡಿ ಬಂದವಳೇ, "ಕಾಲ್ ಆಯಾ?" ಎಂದಳು. ತಾಯಿ ತಲೆಯಾಡಿಸಿದರು. "ಆಂಟಿಗೆ?" ನಾನೂ ತಲೆಯಾಡಿಸಿದೆ.

"ಪೇಪರ್ ಹೆಂಗಿತ್ತು?" ಎಂದೆ.

"ಪಾಸ್ ಆಗ್ತೇನೆ" ಎಂದಳು. ಅದನ್ನು ಹೇಳಿದ ದನಿಯಲ್ಲಿ ಮಸಾಲೆ ಪುಡಿ ಮಾರಿದ್ದರೆ ಊರಿನ ಅಂಗಡಿಗಳೆಲ್ಲ ಖಾಲಿಯಾಗುತ್ತಿದ್ದವು.

ರಿಕ್ಷಾ ಹತ್ತುವಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಅವನೇ. ಕಂಪನಿಯವರು ಇಂದು ಬೇಡವೆಂದರಂತೆ. ನಾಳೆ ಖಾಲಿ ಇರಬೇಕಂತೆ. "ಹಾಂ ಜೀ, ಹಾಂ ಜೀ" ಎಂದುಬಿಟ್ಟೆ. ವರ್ಷಗಟ್ಟಲೆಯ ಅಭ್ಯಾಸ, ನಾಲಿಗೆ ನನ್ನನ್ನು ಕೇಳುವುದಿಲ್ಲ. ನಾನು ಇಡುವಷ್ಟರಲ್ಲಿ ತಾಯಿಯ ಕೈಯಲ್ಲಿದ್ದ ಫೋನ್ ರಿಂಗಾಯಿತು. ಹುಡುಗಿ ಕಸಿದುಕೊಂಡು ಸ್ಪೀಕರ್ ಹಾಕಿದಳು.

"ಬೇಟಾ, ಕಲ್ ಹೋಲ್ಡ್ ರಖ್‌ನಾ."

"ಪಕ್ಕಾ ಹೈ, ಯಾ ಹೋಲ್ಡ್ ಹೈ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಾರರು. "ಅಭೀ ತೋ... ಹೋಲ್ಡ್."

"ಕಲ್ ಮೇರಾ ಪೇಪರ್ ಹೈ, ಸರ್. ಮಂಗಳವಾರ್ ಕೋ ಲಾಸ್ಟ್ ಹೈ. ತಬ್ ತಕ್ ಆಪ್ ಹೋಲ್ಡ್ ಪೇ ರಹಿಯೇ."

ಮಂಗಳವಾರದ ಕೊನೆಯ ಪೇಪರಿನ ತನಕ ಅವನನ್ನೇ ಹೋಲ್ಡ್‌ನಲ್ಲಿ ಇರಿಸಿ ಫೋನ್ ಇಟ್ಟಳು. ತಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಎಂತ ಮಾತಾಡಿದ್ದು ಮಾರಾಯ್ತಿ! ಅವರನ್ನೇ ಕಾಯಲಿಕ್ಕೆ ಹೇಳುವುದಾ?" ರಿಕ್ಷಾದವನು ಕನ್ನಡಿಯಲ್ಲಿ ನೋಡಿ ನಕ್ಕ. ಮಾರ್ಗದರ್ಶಕಿಯಾದ ನಾನು ಹೊರಗೆ ನೋಡಿದೆ.

ಮರುದಿನ ನನಗೆ ಯಾವ ಪೇಪರೂ ಇರಲಿಲ್ಲ. ಖಾಲಿ ಇದ್ದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಸಂಜೆಯವರೆಗೂ ಖಾಲಿ ಇದ್ದೆ. ಕತ್ತಲಾಗುವ ಹೊತ್ತಿಗೆ ಹುಡುಗಿಯ ಸಂದೇಶ ಬಂತು: ಪೇಪರ್ ಸುಲಭ ಇತ್ತು, ಆಂಟಿ. ನಿಮಗೆ ಕಾಲ್ ಬಂತಾ?

ನೀನು ಓದು, ಎಂದು ಬರೆದೆ.