ಭಾಸ್ಕರನ ಬ್ಯಾಕಪ್ಪು

ಕುಮಟಾದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸರ್ವರ್ ನೋಡಿಕೊಳ್ಳುವ ಭಾಸ್ಕರ ಮಾವಿನಕುರ್ವೆಯವನು. ಹೊನ್ನಾವರ, ಭಟ್ಕಳದ ಶಾಖೆಗಳಲ್ಲಿ ತೆಗೆದ ಚಿತ್ರಗಳೂ ಅವನ ಸರ್ವರಿಗೇ ಬಂದು ಸೇರುತ್ತಿದ್ದವು. ಸರ್ವರನ್ನು ನಡೆಸುವ ಯುನಿಕ್ಸನ್ನು ಅವನು ಯಾರ ಕೈಕೆಳಗೂ ಕಲಿತವನಲ್ಲ. ಚಿತ್ರಗಳನ್ನು ದಿನವೂ ಬ್ಯಾಕಪ್ಪಿಗೆಂದು ಟೇಪಿಗೆ ನಕಲು ಮಾಡುವ ಪುಟ್ಟ ಪ್ರೋಗ್ರಾಮನ್ನು, ಅಂದರೆ ಸ್ಕ್ರಿಪ್ಟನ್ನು, ತಾನೇ ಬರೆದಿದ್ದ. ಒಮ್ಮೆ ಡಿಸ್ಕ್ ಕೆಟ್ಟು ಎಲ್ಲವೂ ಹೋದಾಗ ಆ ಟೇಪುಗಳೇ ಸೆಂಟರಿನ ಮಾನ ಉಳಿಸಿದ್ದವು. ಅಂದಿನಿಂದ ಒಡೆಯರಾದ ಡಾಕ್ಟರ್ ರಮಾನಂದ ಯಾವ ಸಲಹೆ ಬೇಕಾದರೂ ಮೊದಲು ಅವನನ್ನೇ ಕರೆಯುತ್ತಿದ್ದರು.

ದಿವ್ಯಶ್ರೀ ಕೆಲಸಕ್ಕೆ ಸೇರಿದ ಮೇಲೆ ಅದು ಬದಲಾಯಿತು. ಓದಿ ಬಂದ ಹುಡುಗಿ, ಅವನಿಗಿಂತ ಬಹಳ ಚಿಕ್ಕವಳು. ಫೈಲುಗಳು ಈಗ ಕೋಟಿ ದಾಟಿವೆ, ಸಂಜೆ ಶುರುವಾದ ನಕಲು ಬೆಳಿಗ್ಗೆ ಬಾಗಿಲು ತೆಗೆದರೂ ಮುಗಿದಿರುವುದಿಲ್ಲ, ಅದಕ್ಕೇ ಚಿತ್ರಗಳು ನಿಧಾನ ತೆರೆಯುತ್ತವೆ ಎಂದು ಅವಳು ಹೇಳಿದಳು. ಬದಲಾದ ತುಣುಕುಗಳನ್ನಷ್ಟೇ ಬೇರೊಂದು ಸರ್ವರಿನ ಡಿಸ್ಕಿಗೆ ಕಳಿಸುವ ಹೊಸ ಸಾಫ್ಟ್‌ವೇರು ಇದೆ ಎಂದಳು. ಇದನ್ನು ಮೊದಲು ಹೇಳಿದ್ದು ಭಾಸ್ಕರನಿಗೇ. ಅವನು ನೋಡೋಣ ಎಂದು ಸುಮ್ಮನಾದ. ಬಹಳ ದಿನ ಕಾದು ಅವಳು ಡಾಕ್ಟರರಿಗೆ ತಿಳಿಸಿದಳು.

ಆಮೇಲೆ ಡಾಕ್ಟರರ ಕೋಣೆಗೆ ಅವಳಿಗೂ ಸೇರಿಸಿ ಚಹಾ ಹೋಗತೊಡಗಿತು. ಗಾಜಿನ ಬಾಗಿಲಿನಾಚೆ ಇಬ್ಬರೂ ನಗುವುದು ಕಂಡರೆ ತನ್ನ ಮಾತೇ ಆಡಿ ನಗುತ್ತಿದ್ದಾರೆಂದು ಭಾಸ್ಕರನಿಗೆ ಅನ್ನಿಸುತ್ತಿತ್ತು. ಅವಳು ‘ಭಾಸ್ಕರಣ್ಣ’ ಎಂದು ಕರೆದರೆ ಅದರಲ್ಲೂ ಒಂದು ಕೊಂಕು ಕೇಳಿಸುತ್ತಿತ್ತು. ಮನೆಯಲ್ಲಿ ಅವಳ ಮೇಲೇ ದೂರು. ಕೇಳಿ ಕೇಳಿ ಸಾಕಾದ ಹೆಂಡತಿ ಮಹಾಲಕ್ಷ್ಮೀ ಒಂದು ದಿನ ಕೇಳಿದಳು, "ಆ ಹುಡ್ಗಿ ನಿಮ್ಗೆ ಎಂತ ಮಾಡ್ತು?" ಅವನು ಇನ್ನಷ್ಟು ಸಾರು ಬಡಿಸಲು ಹೇಳಿದ.

ಎರಡನ್ನೂ ಪರೀಕ್ಷಿಸಿ ಒಂದನ್ನು ಆರಿಸಿಕೊಳ್ಳೋಣ ಎಂದರು ಡಾಕ್ಟರು. ಪರೀಕ್ಷೆ ಹೇಗಿರಬೇಕೆಂದು ಹೇಳುವ ಹಿರಿತನ ಭಾಸ್ಕರನದು. ಹೊನ್ನಾವರ ಶಾಖೆಯ ಚಿತ್ರಗಳನ್ನು ಬ್ಯಾಕಪ್ಪಿನಿಂದ ಪೂರ್ತಿಯಾಗಿ ಮರಳಿ ತರುವುದು ಎಂದು ಅವನು ಗೊತ್ತುಮಾಡಿದ. ಒಂದೇ ಓಟದಲ್ಲಿ ಎಲ್ಲವನ್ನೂ ಓದುವುದರಲ್ಲಿ ಟೇಪೇ ಮುಂದು, ತುಣುಕುಗಳನ್ನು ಜೋಡಿಸಬೇಕಾದ ಹೊಸ ಸಾಫ್ಟ್‌ವೇರು ಹಿಂದೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಹಾಗೇ ಆಯಿತು. ಒಂದೇ ಚಿತ್ರ ಹುಡುಕಿ ತೆಗೆಯುವ ಪರೀಕ್ಷೆಯೂ ಆಗಲಿ ಎಂದು ದಿವ್ಯಶ್ರೀ ಕೇಳಿದ್ದಕ್ಕೆ, ಅದರ ಅಗತ್ಯವಿಲ್ಲ ಎಂದುಬಿಟ್ಟ. ಡಾಕ್ಟರು ಟೇಪನ್ನೇ ಒಪ್ಪಿದರು. ಆ ದಿನ ಭಾಸ್ಕರ ಮನೆಗೆ ಬಂಗಡೆ ಮೀನು ಕೊಂಡು ಹೋದ.

ಮಳೆಗಾಲ ಕಳೆದ ಮೇಲೆ ಹೊನ್ನಾವರ ಬಳಿಯ ಕಾಸರಕೋಡದ ಮಾಸ್ತಮ್ಮ ಎಂಬ ಮುದುಕಿ ಕೆಲ ದಿನಗಳ ಹಿಂದೆ ತೆಗೆಸಿದ್ದ ತನ್ನ ಹೊಟ್ಟೆಯ ಸ್ಕ್ಯಾನ್ ಚಿತ್ರ ಕೇಳಿಕೊಂಡು ಬಂದಳು. ಅಂದೇ ರೈಲಿಗೆ ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಿತ್ತು. ನೋಡಿದರೆ ಚಿತ್ರವೇ ಇಲ್ಲ, ಹಳೆಯ ಫೈಲುಗಳನ್ನು ತೆಗೆಯುವಾಗ ಯಾರೋ ಕೈತಪ್ಪಿ ಅದನ್ನೂ ಅಳಿಸಿದ್ದರು. ಭಾಸ್ಕರ ಟೇಪು ಹಾಕಿದ. ಒಂದೇ ಚಿತ್ರಕ್ಕೂ ಅದು ಮೊದಲಿನಿಂದ ಓದುತ್ತಲೇ ಹೋಯಿತು. ಇನ್ನೊಂದು ಹಾಕಿದ. ದಿವ್ಯಶ್ರೀ ಪಕ್ಕದಲ್ಲಿ ಕುಳಿತು, ಅವನು ಕೇಳದಿದ್ದರೂ, ಯಾವ ದಿನದ ಟೇಪಿನಲ್ಲಿ ಇರಬಹುದೆಂದು ಹುಡುಕಿಕೊಟ್ಟಳು. ಅವಳು ಒಂದು ಚುಚ್ಚುಮಾತು ಆಡಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಮುಂದಿನ ಟೇಪು ತೆಗೆದುಕೊಟ್ಟಳು.

ರೈಲಿನ ಹೊತ್ತು ಹತ್ತಿರವಾಯಿತು. ನರಕ್ಕೆ ಔಷಧಿ ಕೊಟ್ಟು ಹೊಸದಾಗಿ ಸ್ಕ್ಯಾನ್ ಮಾಡುವುದೇ ಸರಿ ಎಂದು ಡಾಕ್ಟರು ಹೇಳಿದರು. ಮುದುಕಿಗೆ ಅದನ್ನು ಹೇಳುವ ಕೆಲಸ ಭಾಸ್ಕರನ ಪಾಲಿಗೆ ಬಂತು. ಮಾಸ್ತಮ್ಮ ನೀಲಿಗಟ್ಟಿದ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮತ್ತೆ ಸೂಜಿ ಚುಚ್ಚೂದಾ ತಮಾ? ಹೋದ್ಸಲವೇ ನರ ಸಿಗ್ಲಿಲ್ಲ."

ಅವನೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದ. ನರ ಈ ಸಲವೂ ಸುಲಭಕ್ಕೆ ಸಿಗಲಿಲ್ಲ. ಹಳೆಯ ಚಿತ್ರ ಟೇಪಿನಿಂದ ಹೊರಬಂದಾಗ ಅವಳು ಹೊಸ ಚಿತ್ರ ಹಿಡಿದು ರೈಲು ಹತ್ತಿ ಹೋಗಿಯಾಗಿತ್ತು.

"ಹೀಗಾಗ್ತದೆ ಅಂತ ಪರೀಕ್ಷೆ ಮಾಡಿದ ದಿನವೇ ನಿಂಗೆ ಗೊತ್ತಿತ್ತು, ಅಲ್ದಾ?" ಭಾಸ್ಕರ ಕೇಳಿದ.

"ಗೊತ್ತಿತ್ತು," ಎಂದಳು ದಿವ್ಯಶ್ರೀ. "ನಿಮ್ಗೂ ಗೊತ್ತಿತ್ತು."

ಮರುದಿನ ಅವನು ಡಾಕ್ಟರರ ಬಳಿ ಹೋಗಿ, ದಿನನಿತ್ಯಕ್ಕೆ ದಿವ್ಯಶ್ರೀ ಹೇಳಿದ್ದನ್ನೇ ಹಾಕೋಣ, ಟೇಪು ವಾರಕ್ಕೊಮ್ಮೆ ಸಾಕು ಎಂದ. ಡಾಕ್ಟರು ತಕ್ಷಣ ಅವಳನ್ನು ಕರೆಸಿದರು. ಅವರು ಅಷ್ಟು ಬೇಗ ಒಪ್ಪಿದ್ದು ಅವನಿಗೆ ಚುಚ್ಚಿತು.

ಈಗ ಚಿತ್ರಗಳು ಬೇಗ ತೆರೆಯುತ್ತವೆ. ಭಾಸ್ಕರ ಹೊಸ ಸಾಫ್ಟ್‌ವೇರನ್ನು ಅವಳ ಹತ್ತಿರವೇ ಕೇಳಿ ಕಲಿತಿದ್ದಾನೆ. ಆದರೂ ಭಟ್ಕಳದಿಂದ ಫೋನು ಬಂದು, ದಿವ್ಯಶ್ರೀ ಮೇಡಂಗೆ ಕೊಡಿ ಅಂದಾಗ ಅವನ ಹುಬ್ಬು ಗಂಟಿಕ್ಕುತ್ತದೆ. ಫೋನು ಕೊಡುತ್ತಾನೆ.