ಅಲುಗಾಡದ ಸಭಿಕರು

ಅಥಣಿ ರಸ್ತೆಯ ನಮ್ಮ ಬಡಾವಣೆಯ ಸಭಾಭವನದಲ್ಲಿ, ಜನ ಎದ್ದು ಹೋದ ಮೇಲೂ ದೀಪಗಳು ಬೆಳಗಿನ ತನಕ ಸಭೆ ನಡೆಸುತ್ತಿದ್ದವು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು ಒಂದು ದಿನ ತಡೆಯಲಾರದೆ, "ಸೆನ್ಸರ್ ಹಾಕೂಣ್ರಿ" ಎಂದೆ. ಸಂಘದ ಅಧ್ಯಕ್ಷರು ಕೂಡಲೇ ಒಪ್ಪಿದರು. ಕೆಲಸ ನನ್ನದು, ಉದ್ಘಾಟನೆ ಅವರದು.

ಗಾಂಧಿ ಚೌಕದಿಂದ ಚಲನೆ ಗುರುತಿಸುವ ಸೆನ್ಸರ್, ರಿಲೇ, ವೈರು ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಡಿಸಿ, ಕುರ್ಚಿಗಳ ಕಡೆ ಮುಖ ಮಾಡಿ ಗೋಡೆಗೆ ಹೊಡೆದೆ. ಯಾರಾದರೂ ಅಲುಗಾಡಿದರೆ ದೀಪ ಹತ್ತಬೇಕು. ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ದರೆ ಆರಬೇಕು. ಪರೀಕ್ಷೆಗೆಂದು ಒಳಗೆ ಹೊರಗೆ ಓಡಾಡಿದ ನನ್ನ ಹೆಂಡತಿ, "ಲೈಟ್ ಬಂದ್ವು, ನನ್ನ ಕಾಲು ಹ್ವಾದ್ವು" ಎಂದಳು.

ಉದ್ಘಾಟನೆಯ ಸಂಜೆ ಅಧ್ಯಕ್ಷರು ಸಾರವಾಡದ ತಮ್ಮ ಬೀಗರನ್ನೇ ಮುಖ್ಯ ಅತಿಥಿಯಾಗಿ ಕರೆಸಿದ್ದರು. ನಿವೃತ್ತ ಅಧಿಕಾರಿ. ವಿಷಯ: ವಿದ್ಯುತ್ ಉಳಿತಾಯ. ಅವರು ಸೀಮೆಎಣ್ಣೆಯ ಚಿಮಣಿಯಿಂದ ಶುರುಮಾಡಿದರು. ಕಂದೀಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರ ಗದ್ದ ಎದೆಗೆ ತಾಗಿತ್ತು. ಹಿಂದಿನವರು ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದರು. ಸನ್ಮಾನಕ್ಕೆಂದು ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಅಲ್ಲಿ ನಾನೆಷ್ಟು ಚಡಪಡಿಸಿದರೂ ಸೆನ್ಸರಿಗೆ ಕಾಣುವಂತಿರಲಿಲ್ಲ.

ಟಪ್ಪೆಂದು ಭವನ ಕತ್ತಲಾಯಿತು.

"ಕರೆಂಟ್ ಹೋತು!" ಎಂದರು ಅಧ್ಯಕ್ಷರು.

"ಹೋಗಿಲ್ರಿ, ಎಲ್ಲಾರೂ ಕೈ ಅಲ್ಲಾಡಸ್ರಿ!" ಎಂದು ನಾನು ಕೂಗಿದೆ.

ಬೆಚ್ಚಿ ಎದ್ದವರು ಭಾಷಣ ಮುಗಿಯಿತೆಂದು ತಿಳಿದು ಸಂತೋಷದಿಂದ ಚಪ್ಪಾಳೆ ತಟ್ಟಿದರು. ದೀಪಗಳು ಹತ್ತಿದವು. ಅತಿಥಿಗಳ ಮುಖ ಅದಕ್ಕಿಂತ ಹೆಚ್ಚು ಬೆಳಗಿತು.

"ನಿಮ್ಮ ಪ್ರೀತಿ ನೋಡಿ ಇನ್ನೆರಡು ಮಾತು ಹೇಳ್ತೀನ್ರಿ" ಎಂದರು.

ಆ ಎರಡು ಮಾತಿನ ನಡುವೆ ದೀಪ ಮತ್ತೆ ಆರಿತು. ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ಒಂದು ದನಿ ಬಂತು: "ಯಾರೂ ಅಲ್ಲಾಡಬ್ಯಾಡ್ರಿ! ಹಂಗ ಇರ್ರಿ!"

ನಮ್ಮ ಬಡಾವಣೆಯಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಅತಿಥಿಗಳು ಕತ್ತಲಲ್ಲಿ ಕುರ್ಚಿ ತಡವುತ್ತಾ ಕುಳಿತರು. ಅವರು ಕುಳಿತ ಸಪ್ಪಳ ಕೇಳಿದ್ದೇ ತಡ, ಜನ ಊಟಕ್ಕೆದ್ದರು. ಭವನ ಝಗ್ಗೆಂದು ಬೆಳಗಿತು.

"ಮಷೀನ್ ಛಲೋ ಐತ್ರಿ, ಆದ್ರ ಅದಕ್ಕ ದೊಡ್ಡವ್ರ ಮರ್ಯಾದಿ ಗೊತ್ತಿಲ್ಲ" ಎಂದು ಅಧ್ಯಕ್ಷರು ಸೆನ್ಸರನ್ನು ವೇದಿಕೆಯ ಕಡೆಗೆ ತಿರುಗಿಸಿದರು. ಈಗ ನಮ್ಮಲ್ಲಿ ಮಾತಾಡುವವರೆಲ್ಲ ಗಾಳಿಯಲ್ಲಿ ಕೈ ಬೀಸುತ್ತಲೇ ಮಾತಾಡಬೇಕು. ಭುಜ ಸೋತವರು ಬೇಗ ಮುಗಿಸುತ್ತಾರೆ.

ಸುದ್ದಿ ಟಿಕೋಟಾಕ್ಕೂ ಮುಟ್ಟಿತು. ಅಲ್ಲಿನ ಸಂಘದವರೊಬ್ಬರು ಫೋನ್ ಮಾಡಿ ಕೇಳಿದರು: "ಸರ್, ಮೈಕ್ ಬಂದ್ ಮಾಡೂದೂ ಸಿಗತೈತೇನ್ರಿ?"